ಸಾಲು ಮುಗಿಯುವ ಮುನ್ನ ಬಿಚ್ಚಿದ ಬುತ್ತಿ

ಮಹಾದೇವಿಯ ಅಕ್ಕ ಮಾಳವ್ವನನ್ನು ಮಣ್ಣು ಮಾಡಿದ ವಾರದಲ್ಲೇ ಸೋದರತ್ತೆ ಬೋರವ್ವ ತವರಿನ ಕಟ್ಟೆಗೆ ಬಂದು ಕುಳಿತಿದ್ದಳು. ಸೊಸೆ ಸತ್ತ ಮನೆಗೆ ಅವಳ ತಂಗಿಯನ್ನೇ ತರುವುದು ಆ ಮನೆತನದ ರೂಢಿ.

“ಆಕಿ ಅಂತೂ ಹೋದ್ಲು. ನನ್ನ ಮಗ ಬೀರೇಶನ ಮನಿ ಖಾಲಿ ಇಡಾಕ ಬರ್ತೈತೇನು? ಮಾದೇವೀನ್ನ ಕೊಡಪಾ, ತಮ್ಮಾ,” ಎಂದಳು ಮಹಾದೇವಿಯ ಅಪ್ಪನಿಗೆ.

ಒಳಗೆ ರೊಟ್ಟಿಯ ಹಿಟ್ಟು ನಾದುತ್ತಿದ್ದ ಮಹಾದೇವಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಮಾಳವ್ವ ಅನ್ನು, ಅತ್ತಿ. ನನ್ನಕ್ಕಗ ಹೆಸರಿತ್ತು.”

ಬೋರವ್ವ ಅನ್ನಲಿಲ್ಲ. ಸತ್ತ ಸೊಸೆಯ ಹೆಸರು ಕರೆದರೆ ಅವಳು ತಿರುಗಿ ಬಂದು ಹೊಸಬಳನ್ನು ಕಾಡುತ್ತಾಳೆಂಬ ಭಯ ಅವಳಿಗೆ. ಮಹಾದೇವಿ ಅಂದು ಕಚ್ಚಿದ ಹಲ್ಲನ್ನು ಮುಂದೆ ಸಡಿಲಿಸಲೇ ಇಲ್ಲ.

ಮಾಳವ್ವ ಸತ್ತದ್ದು ಹೆರಿಗೆಯಲ್ಲಿ. ಹರಿದ ರಕ್ತ ಬೇರೆ ಹೆಂಗಸಿನ ಪ್ರಾಣ ತೆಗೆಯುವಷ್ಟಿರಲಿಲ್ಲ. ಆದರೆ ಅವಳ ಮೈಯಲ್ಲಿ ಕಳೆದುಕೊಳ್ಳಲು ಅಷ್ಟೂ ಇರಲಿಲ್ಲ. ದವಾಖಾನೆಯವರು ಕೊಟ್ಟ ರಕ್ತದ ಗುಳಿಗೆಗಳನ್ನು, ಕೂಸು ಕಪ್ಪಾಗುತ್ತದೆ, ಹೊಟ್ಟೆಯಲ್ಲೇ ದಪ್ಪನಾಗಿ ಹೆರಿಗೆ ಕಠಿಣವಾಗುತ್ತದೆ ಎಂದು ಬೋರವ್ವ ಹಿತ್ತಲಿಗೆ ಎಸೆದಿದ್ದಳು. ಬಸುರಿಯನ್ನು ಎಲ್ಲರ ಊಟವಾದ ಮೇಲೆ ಉಳಿದದ್ದಕ್ಕೆ ಕೂರಿಸಿದ್ದಳು. ತವರಿಗೆ ಬಂದಾಗಲೊಮ್ಮೆ ಮಾಳವ್ವ ಇದನ್ನು ನಗುನಗುತ್ತಲೇ ಹೇಳಿದ್ದಳು. ಆ ನಗು ಮಹಾದೇವಿಯ ಕಿವಿಯಲ್ಲಿ ಉಳಿದುಹೋಯಿತು.

ಅವಳು ಬೀರೇಶನನ್ನು ಮದುವೆಯಾಗಲಿಲ್ಲ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕೋಣೆ ಹಿಡಿದು ನರ್ಸಿಂಗ್ ಓದಿದಳು. ಕೆಲಸ ಸಿಕ್ಕಾಗ ಎಲ್ಲರೂ ಪಟ್ಟಣ ಬೇಡಿದರೆ ಇವಳು ರಾಮಥಾಳದ ಸುತ್ತಿನ ಹಳ್ಳಿಗಳನ್ನು ಬೇಡಿದಳು. ಊರವರು ಸೇವಾಭಾವವೆಂದು ಹೊಗಳಿದರು. ಅವಳು ತಿದ್ದಲು ಹೋಗಲಿಲ್ಲ. ಬೋರವ್ವನ ಮನೆ ಇದ್ದದ್ದು ಅಲ್ಲಿ.

ಅಷ್ಟರಲ್ಲಿ ಏತ ನೀರಾವರಿಯ ನೀರು ಬಂದು, ಜೋಳದ ಹೊಲಗಳ ನಡುವೆ ದಾಳಿಂಬೆಯ ತೋಟಗಳು ಎದ್ದಿದ್ದವು. ಬೋರವ್ವ ಈಗ ಒಂದು ದೊಡ್ಡ ತೋಟದಲ್ಲಿ ಹೆಣ್ಣಾಳುಗಳ ಗುಂಪಿನ ಯಜಮಾನಿ. ಅವಳ ಕಟ್ಟಳೆ ಒಂದೇ: ಮುಂಜಾನೆ ಎಲ್ಲರ ಬುತ್ತಿಯನ್ನೂ ಬೇವಿನ ಟೊಂಗೆಗೆ ತೂಗುಹಾಕಬೇಕು, ಹಿಡಿದ ಗಿಡಗಳ ಸಾಲು ಮುಗಿಯುವ ತನಕ ಯಾರೂ ಗಂಟು ಮುಟ್ಟುವಂತಿಲ್ಲ. ಹಸಿವೆಗೆ ತೋಟದವರು ಕಿಟ್ಲಿ ತುಂಬ ಕಳಿಸುವ ಚಹಾ ಇತ್ತು. ಸಾಲುಗಳು ಉದ್ದ. ಊಟ ಹಲವು ದಿನ ಇಳಿಹೊತ್ತಿಗೆ ಹೋಗುತ್ತಿತ್ತು. ಆ ಗುಂಪಿನಲ್ಲೇ ಬೀರೇಶನ ಈಗಿನ ಹೆಂಡತಿ ಸುರೇಖಾ, ತುಂಬು ಬಸುರಿ, ಟೊಂಗೆ ಸವರುತ್ತಿದ್ದಳು.

ಮಹಾದೇವಿ ಅವಳಿಗೆ ಗುಳಿಗೆ ಕೊಡತೊಡಗಿ ತಿಂಗಳುಗಳಾಗಿದ್ದವು. ರಕ್ತ ಮಾತ್ರ ಏರಿರಲಿಲ್ಲ. ಕಾರಣ ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆಯೆಂದುಕೊಂಡಿದ್ದಳು. ಬೋರವ್ವ ಇಲ್ಲದ ಹೊತ್ತು ನೋಡಿ ಅವಳ ಹಿತ್ತಲಿನ ತಿಪ್ಪೆಯನ್ನು ಕೋಲಿನಿಂದ ಕೆದಕಿದ್ದಳು. ಏನೂ ಸಿಕ್ಕಿರಲಿಲ್ಲ. ಮುದುಕಿ ಜಾಣೆಯಾಗಿದ್ದಾಳೆ, ಈಗ ಬೇರೆಲ್ಲೋ ಎಸೆಯುತ್ತಾಳೆ ಎಂದುಕೊಂಡಳು. ಹತ್ತು ಜನರೆದುರು ಹಿಡಿಯಬೇಕು. ಅದಕ್ಕೇ ಆ ದಿನ ಚಹಾದ ಹೊತ್ತಿಗೆ ಸರಿಯಾಗಿ ತೋಟಕ್ಕೆ ಬಂದಳು.

ರಕ್ತ ಪರೀಕ್ಷೆಯ ಡಬ್ಬಿ ಕಂಡದ್ದೇ ಆಳುಗಳಲ್ಲೊಬ್ಬಳಾದ ಗುರುಲಿಂಗವ್ವ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. “ನನಗ ಚುಚ್ಚಬ್ಯಾಡ್ರಿ ನರ್ಸಬಾಯಾರ. ನನ್ನ ಬೆರಳಾಗ ರಕ್ತ ಬರೂದಿಲ್ಲ, ಚಾ ಬರ್ತೈತಿ!”

ಎಲ್ಲರೂ ನಕ್ಕರು. ಮಹಾದೇವಿ ನಗಲಿಲ್ಲ. ಸುರೇಖಾಳ ಬೆರಳು ಚುಚ್ಚಿ, ಯಂತ್ರ ತೋರಿದ ಕಡಿಮೆ ಅಂಕಿಯನ್ನು ನೋಡಿ, ಬೋರವ್ವನತ್ತ ತಿರುಗಿದಳು.

“ಗುಳಗಿ ಎಲ್ಲಿ ಒಗಿಲಿಕತ್ತಿ, ಅತ್ತಿ? ನನ್ನಕ್ಕನ್ನ ಕೊಂದದ್ದು ಸಾಲಲಿಲ್ಲೇನು?”

ನಗು ನಿಂತಿತು. ಬೋರವ್ವ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟಳು.

“ಹೋದ ಸಲ ಒಗದಿದ್ದೆ. ಖರೆ. ಈ ಸಲ ನನ್ನ ಕೈಯಾರೆ ನುಂಗಿಸೇನಿ, ದಿನಾ. ಇವರನ್ನ ಕೇಳು.”

“ಹೌದ್ರಿ ಅಕ್ಕಾ,” ಎಂದಳು ಸುರೇಖಾ ಮೆಲ್ಲಗೆ. “ಒಂದಿನಾನೂ ತಪ್ಪಿಸಿಲ್ಲ.”

ಇಷ್ಟು ವರ್ಷ ಕಾದಿದ್ದ ತಪ್ಪೊಪ್ಪಿಗೆ ಬಂದಿತ್ತು, ಮಹಾದೇವಿಯ ಕೈಯ ಆಯುಧವನ್ನೇ ಕಸಿದುಕೊಂಡು ಬಂದಿತ್ತು. ಅವಳ ಕಣ್ಣು ಲೋಟದ ಮೇಲೆ ಬಿತ್ತು.

“ಯಾದರ ಜೋಡಿ ನುಂಗಿಸಿದಿ?”

“ಮತ್ತ್ಯಾದರ ಜೋಡಿ? ಚಾದ ಜೋಡಿ. ಬರೇ ನೀರಿನಾಗ ನುಂಗಿದ್ರ ಹೊಟ್ಟಿ ತೊಳಸ್ತೈತಿ ಅಂತ ನನ್ನ ಪಾಲಿನ ಚಾನೂ ಕೊಟ್ಟೇನಿ.”

ಚಹಾದೊಂದಿಗೆ ನುಂಗಿದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತದೆಂಬುದನ್ನು ಮಹಾದೇವಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು. ಈ ಹೆಂಗಸರಿಗೆ ಒಮ್ಮೆಯೂ ಹೇಳಿರಲಿಲ್ಲ. ಗುಳಿಗೆ ಎಲ್ಲಿ ಬಿದ್ದಿದೆಯೆಂದು ತಿಪ್ಪೆ ಕೆದಕಿದವಳು, ಯಾವುದರ ಜೊತೆ ನುಂಗಿದೆ ಎಂದು ಬಸುರಿಯನ್ನು ಕೇಳಿರಲಿಲ್ಲ. ತಪ್ಪು ತನ್ನದೂ ಹೌದೆಂದು ತಿಳಿದಾಗ ಅವಳ ಸಿಟ್ಟು ಇಳಿಯಲಿಲ್ಲ, ಅದಕ್ಕೆ ಇನ್ನೊಂದು ಹಲ್ಲು ಮೂಡಿತು.

“ಚಾ ಚೆಲ್ಲು,” ಎಂದಳು. “ಚಾದಾಗ ನುಂಗಿದ ಗುಳಗಿ ಒಗದಂಗ. ಉಂಡು, ಲಿಂಬೂ ನೀರಿನಾಗ ನುಂಗಬೇಕು. ಇದನ್ನ ನಾ ಮೊದಲ ಹೇಳಬೇಕಿತ್ತು, ಹೇಳಲಿಲ್ಲ. ಈಗ ಬುತ್ತಿ ಬಿಚ್ಚು.”

“ಸಾಲು ಮುಗದಿಲ್ಲ, ಮಾದೇವಿ.”

“ಸಾಲು ಎಲ್ಲೂ ಓಡಿಹೋಗೂದಿಲ್ಲ. ಬಿಚ್ಚು. ಮೊದಲ ಸುರೇಖಾಗ ನೀಡು, ನಿನ್ನ ಕೈಲೆ. ಆಕಿ ಉಂಡ ಮ್ಯಾಲೆ ನೀ ಉಣ್ಣು. ಇಲ್ಲಾಂದ್ರ ಇವತ್ತ ಆಕಿನ್ನ ನನ್ನ ಮನಿಗೆ ಕರ್ಕೊಂಡ ಹೋಗ್ತೇನಿ. ಯಾಕ ಅಂತ ಊರು ಕೇಳ್ತೈತಿ, ನಾ ಹೇಳ್ತೇನಿ.”

ಬೋರವ್ವ ಎದ್ದು ಟೊಂಗೆಯಿಂದ ಗಂಟು ಇಳಿಸಿದಳು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಸೊಸೆಗೆ ಮೊದಲು ನೀಡಿ ಎದುರು ನಿಂತಳು. ಗುರುಲಿಂಗವ್ವ ತನ್ನ ಗಂಟನ್ನೂ ಸದ್ದಿಲ್ಲದೆ ಬಿಚ್ಚಿಕೊಂಡಳು, ಉಳಿದವರೂ ಬಿಚ್ಚಿದರು.

ಅಂದಿನಿಂದ ಮಹಾದೇವಿ ಆದಷ್ಟು ದಿನ ಊಟದ ಹೊತ್ತಿಗೆ ಬೇವಿನ ಕೆಳಗೆ ಬಂದು ನಿಲ್ಲುತ್ತಿದ್ದಳು. ಸುರೇಖಾಳ ರಕ್ತ ನಿಧಾನವಾಗಿ ಏರುವುದನ್ನು ನೋಡುವ ಸಂತೋಷ ಇತ್ತು. ಅದಕ್ಕಿಂತ ದೊಡ್ಡ ಸಂತೋಷ, ಸೊಸೆ ಉಂಡು ಕೈತೊಳೆಯುವ ತನಕ ಹಸಿದು ನಿಲ್ಲುವ ಅತ್ತೆಯನ್ನು ನೋಡುವುದರಲ್ಲಿತ್ತು. ಒಂದು ದಿನ ಬೋರವ್ವ ತಲೆ ತಿರುಗಿ ಮರ ಹಿಡಿದುಕೊಂಡಳು. ಮಹಾದೇವಿ ಅವಳ ಬೆರಳನ್ನೂ ಚುಚ್ಚಿದಳು. ಅಲ್ಲೂ ರಕ್ತ ಕಡಿಮೆ.

“ನಮ್ಮತ್ತಿ ನನ್ನೂ ಹಿಂಗ ಉಪಾಸ ಇಟ್ಟಿದ್ಲು,” ಎಂದಳು ಬೋರವ್ವ.

ಮಹಾದೇವಿ ಗುಳಿಗೆಯ ಹಾಳೆಯೊಂದನ್ನು ಅವಳ ಮಡಿಲಿಗೆ ಎಸೆದಳು. ಕರುಣೆಗೆ ಬದಲು ಅದನ್ನಷ್ಟೇ ಕೊಟ್ಟಳು.

ಸುರೇಖಾ ಸುಖವಾಗಿ ಹೆತ್ತಳು. ಹೆಣ್ಣು ಕೂಸು. ಬೀರೇಶನಿಗೆ ಅಕ್ಕತಂಗಿಯರಿಲ್ಲದ್ದರಿಂದ ತೊಟ್ಟಿಲಲ್ಲಿ ಹೆಸರು ಕರೆಯುವ ಮಾನವನ್ನು ಸುರೇಖಾ ಮಹಾದೇವಿಗೇ ಕೊಟ್ಟಳು. ಯಾವ ಹೆಸರೆಂದು ಮೊದಲೇ ಕೇಳಿಕೊಂಡು, “ಆಕಿ ಸಲುವಾಗಿ ನಾ ಉಂಡೇನಿ. ಇಡ್ರಿ ಅಕ್ಕಾ,” ಎಂದಿದ್ದಳು.

ಮಹಾದೇವಿ ಬಾಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದಳು. ಹೆಂಗಸರು ವಾಡಿಕೆಯಂತೆ ನಗುತ್ತ ಅವಳ ಬೆನ್ನಿಗೆ ಗುದ್ದಿದರು.

“ಮಾಳವ್ವ,” ಎಂದಳು ಎಲ್ಲರಿಗೂ ಕೇಳುವಂತೆ.

ಗುದ್ದುತ್ತಿದ್ದ ಕೈಗಳು ನಿಂತವು. ಬೋರವ್ವ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

“ಈಗ ಅಜ್ಜಿ ಕರೀಬೇಕಲ್ಲ?” ಎಂದಳು ಮಹಾದೇವಿ.

“ಇಷ್ಟಕ್ಕ ತೀರ್ತೇನು ನಿನ್ನ ಸೇಡು?”

“ಕರಿ, ಅತ್ತಿ.”

ಕೂಸು ಅಳತೊಡಗಿತು. ಬೋರವ್ವ ತೊಟ್ಟಿಲಿನ ಹತ್ತಿರ ಬಂದಳು, ಹಗ್ಗ ಹಿಡಿದಳು. ತುಟಿ ಎರಡು ಸಲ ಕೂಡಿ ಬಿಟ್ಟಿತು.

“ಮಾಳವ್ವಾ… ಅಳಬ್ಯಾಡವಾ.”

ಮಹಾದೇವಿ ತೊಟ್ಟಿಲಿನ ಆಚೆ ಬದಿಯಲ್ಲಿ ಕೈಕಟ್ಟಿ ನಿಂತಿದ್ದಳು.

“ಕೇಳಲಿಲ್ಲ,” ಎಂದಳು. “ಇನ್ನೊಮ್ಮೆ ಕರಿ.”