ರೌಶನ್ ಬೀ ಕಟ್ಟಿದ ಗಂಟು

ಆಲ್ದೂರಿನಲ್ಲಿ ರೌಶನ್ ಬೀ ಬೀದಿಗಿಳಿದಳೆಂದರೆ ಬಾಣಂತಿ ಇರುವ ಮನೆಗಳ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಹಾಗಂತ ಅವಳನ್ನು ಯಾರೂ ಬೈಯುತ್ತಿರಲಿಲ್ಲ. ಎದುರಿಗೆ ಸಿಕ್ಕರೆ ‘ಸಲಾಂ ಖಾಲಾ’ ಎನ್ನುತ್ತಿದ್ದರು. ಅವಳು ಎಲೆಯಡಿಕೆ ಕೊಟ್ಟರೆ ಬೇಡ ಎನ್ನದೆ ತೆಗೆದುಕೊಂಡು ಸೆರಗಿನ ತುದಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಬಾಯಿಗೆ ಮಾತ್ರ ಹಾಕಿಕೊಳ್ಳುತ್ತಿರಲಿಲ್ಲ. ಆ ಊರಿನಿಂದ ವಸ್ತಾರೆಯವರೆಗೆ ಮುಸಲ್ಮಾನರ ಮನೆಯಲ್ಲಿ ಹೆಂಗಸು ತೀರಿಕೊಂಡರೆ ಕೊನೆಯ ಸ್ನಾನ ಮಾಡಿಸಿ ಕಫನ್ ಬಟ್ಟೆ ಸುತ್ತುವವಳು ಅವಳೇ. ಸತ್ತವರನ್ನು ಮುಟ್ಟಿದ ಕೈಯನ್ನು ಎಷ್ಟು ತೊಳೆದರೂ ಬದುಕಿರುವವರ ಕಣ್ಣಿಗೆ ಅದು ಒದ್ದೆಯಾಗಿಯೇ ಕಾಣುತ್ತದೇನೋ.

ಅವಳ ಕೆಲಸಕ್ಕೆ ಅದರದೇ ಕಟ್ಟುನಿಟ್ಟು ಇತ್ತು. ಹೊಲಿಗೆ ಬೀಳದ ಹೊಸ ಬಿಳಿ ಬಟ್ಟೆ ಬೇಕು. ಅದರ ಅಂಚಿನಿಂದಲೇ ಪಟ್ಟಿ ಹರಿದು ತಲೆಯ ಮೇಲೆ, ಸೊಂಟಕ್ಕೆ, ಪಾದದ ಕೆಳಗೆ ಗಂಟು ಹಾಕಬೇಕು. ಕೆಲಸ ಮುಗಿಯುವ ತನಕ ಬೇರೆ ಮಾತಾಡಬಾರದು. ಮೈಮೇಲೆ ಏನು ಕಂಡರೂ ಹೊರಗೆ ಹೇಳಬಾರದು. ಗೋರಿಗೆ ಇಳಿಯುವ ಗಂಡಸರು ಆ ಗಂಟುಗಳನ್ನು ಬಿಚ್ಚಿ ಆಮೇಲೆ ಮಣ್ಣು ಹಾಕುತ್ತಾರೆ. ಹೆಂಗಸರು ಅಲ್ಲಿಗೆ ಹೋಗುವಂತಿಲ್ಲ. ಹಾಗಾಗಿ ಜೀವಮಾನವಿಡೀ ಗಂಟು ಹಾಕಿದ ರೌಶನ್ ಬೀ ಒಂದನ್ನಾದರೂ ಬಿಚ್ಚಿದವಳಲ್ಲ.

ಇನ್‌ಫ್ಲುಯೆಂಜಾ ಬಂದ ವರ್ಷ ಅವಳ ಕೈಗೆ ಬಿಡುವೇ ಇರಲಿಲ್ಲ. ಒಂದು ಮನೆಯಿಂದ ಹೊರಬೀಳುವಷ್ಟರಲ್ಲಿ ಇನ್ನೊಂದು ಮನೆಯವರು ಅಂಗಳದಲ್ಲಿ ನಿಂತಿರುತ್ತಿದ್ದರು. ಕೊನೆಗೆ ತನ್ನ ಒಬ್ಬಳೇ ಮಗಳು ಸಿದ್ದೀಕಾಳಿಗೂ ಅವಳೇ ಸ್ನಾನ ಮಾಡಿಸಿದಳು, ಅವಳೇ ಗಂಟು ಹಾಕಿದಳು. ಹುಡುಗಿಗೆ ಇನ್ನೂ ಮದುವೆಯ ಮಾತು ಬರುವ ವಯಸ್ಸೂ ಆಗಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಗೋರಿ ತೋಡುತ್ತಿದ್ದ ರಜಬ್ ಅಲಿ ತಾನು ಹಾಸಿಗೆ ಹಿಡಿದಾಗ ಅವಳನ್ನು ಕರೆಸಿಕೊಂಡ.

“ಆ ಜ್ವರದ ಕಾಲದಲ್ಲಿ ನಾವು ಯಾರ ಗಂಟೂ ಬಿಚ್ಚಲಿಲ್ಲ ರೌಶನ್ ಬೀ. ಮುಟ್ಟಲಿಕ್ಕೇ ಹೆದರಿಕೆ. ಇಳಿಸೋದು, ಮಣ್ಣು ಎಳೆಯೋದು, ಅಷ್ಟೇ. ನಿನ್ನ ಮಗಳದ್ದೂ ಹಾಗೇ ಆಯ್ತು,” ಎಂದ.

ಬಿಚ್ಚದಿದ್ದರೂ ದೋಷವಿಲ್ಲ ಎಂದು ಮಸೀದಿಯ ಹಜರತರು ಸಮಾಧಾನ ಹೇಳಿದರು. ಅವರು ಓದಿದವರು, ಅವರ ಮಾತು ನಿಜವೇ ಇರಬೇಕು. ತಾಯಿ ಕರುಳಿಗೆ ಆ ಓದು ತಿಳಿಯಬೇಕಲ್ಲ. ಅಂದಿನಿಂದ ರೌಶನ್ ಬೀಗೆ ನಿದ್ದೆಯಲ್ಲಿ ಕೈಬೆರಳು ತಾವಾಗಿ ಆಡುವ ಅಭ್ಯಾಸ ಹತ್ತಿತು.

ಹೀಗಿರುವಾಗ ನಿಜಾಮುದ್ದೀನ್ ಊರಿಗೆ ಬಂದ. ಜರ್ಮನಿಯ ಪ್ಲಾಂಟರ್ ದೊರೆಯೊಬ್ಬನ ಬಟ್ಲರ್ ಆಗಿ ಅವನ ದೇಶಕ್ಕೆ ಹೋದವನು ಅಲ್ಲಿ ನೀರಿನ ಚಿಕಿತ್ಸೆ ಕಲಿತುಬಿಟ್ಟಿದ್ದ. ಔಷಧಿ ಇಲ್ಲ, ಸೂಜಿ ಇಲ್ಲ. ತಣ್ಣೀರು, ಬಿಸಿನೀರು, ಗಾಳಿ, ಉಪವಾಸ. ಜ್ವರ ಬಂದವರಿಗೆ ಒದ್ದೆ ಬಟ್ಟೆ ಮೈತುಂಬ ಸುತ್ತಿ, ಮೇಲೆ ಕಂಬಳಿ ಹೊದಿಸಿ ಮಲಗಿಸುವುದು. ಕೆಂಪು ಅರಗಿನ ಮೊಹರಿದ್ದ ಸರ್ಟಿಫಿಕೇಟೂ ಅವನ ಹತ್ತಿರ ಇತ್ತು. ಅದನ್ನು ಓದಬಲ್ಲವರು ಮಾತ್ರ ಜಿಲ್ಲೆಯಲ್ಲೇ ಇರಲಿಲ್ಲ.

ಲೈಸೆನ್ಸಿಗೆ ಬರೆದುಕೊಂಡ. ಮೆಡಿಕಲ್ ಬೋರ್ಡಿನವರು ಇಲ್ಲ ಎನ್ನಲಿಲ್ಲ. ಹೌದು ಎನ್ನುವುದಕ್ಕೆ ಅವರಿಗೇನು ಅವಸರ! ಮೊದಲು ಸರ್ಟಿಫಿಕೇಟು ಇಂಗ್ಲಿಷಿಗೆ ಆಗಬೇಕು ಎಂದರು. ಆಯಿತು. ವಿದೇಶದಲ್ಲಿ ಕಲಿತದ್ದು ಇಲ್ಲಿ ನಡೆಯುತ್ತದೆಯೇ ಎಂದು ನೋಡಲು ರಿಜಿಸ್ಟರಾದ ಡಾಕ್ಟರೊಬ್ಬರ ಕೈಕೆಳಗೆ ಒಂದು ವರ್ಷ ಕೆಲಸ ಮಾಡಬೇಕು, ಅಲ್ಲಿಯವರೆಗೆ ಬಾಗಿಲಿನ ಮೇಲೆ ‘ಡಾಕ್ಟರ್’ ಎಂದು ಬರೆಸಬಾರದು ಎಂದರು. ಅದಕ್ಕೂ ಒಪ್ಪಿದ. ಹೆಂಗಸರ ಚಿಕಿತ್ಸೆಗೆ ಕಾಯಂ ಹೆಂಗಸೊಬ್ಬಳು ಸಹಾಯಕ್ಕೆ ಇರಲೇಬೇಕು, ಕೊನೆಯಲ್ಲಿ ಡಾಕ್ಟರ ಎದುರಿಗೇ ಒಂದು ಚಿಕಿತ್ಸೆ ಮಾಡಿ ತೋರಿಸಬೇಕು ಎಂದಾಗ ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತ. ಬೇರೆ ಮನೆಯವರ ಒದ್ದೆ ಮೈಯನ್ನು ಎತ್ತಿ, ಒರೆಸಿ, ಸುತ್ತುವ ಹೆಂಗಸನ್ನು ಆಲ್ದೂರಿನಲ್ಲಿ ಎಲ್ಲಿಂದ ತರುವುದು?

ಊರಿನಲ್ಲಿ ಆ ಕೆಲಸ ಗೊತ್ತಿದ್ದವಳು ಒಬ್ಬಳೇ.

“ನನ್ನ ಕೈ ಗೊತ್ತಲ್ಲ ನಿಜಾಮು ನಿಂಗೆ? ಜನ ಬರ್ತಾರಾ?” ಎಂದು ರೌಶನ್ ಬೀ ಕೇಳಿದಳು.

“ಬೇರೆ ಊರಿನೋರು ಬರ್ತಾರೆ ಖಾಲಾ. ನೀವು ಎರಡೇ ಮಾತು ನೆನಪಿಟ್ಕೊಳ್ಳಿ. ಗಂಟು ಹಾಕ್ಬೇಡಿ. ಬಾಯಿ ಮುಚ್ಕೊಂಡು ಇರ್ಬೇಡಿ, ಅವ್ರ ಜೊತೆ ಮಾತಾಡ್ತಾ ಇರಿ.”

ಅವಳು ಒಪ್ಪಿದ್ದು ಸಂಬಳಕ್ಕಲ್ಲ. ತನ್ನ ಕೈಯಡಿ ಮಲಗಿದ ಒಂದು ಜೀವವಾದರೂ ಎದ್ದು ಕೂರುವುದನ್ನು ಸಾಯುವ ಮೊದಲು ನೋಡಬೇಕು ಎಂಬ ಆಸೆ. ನೋಡಿದಳು ಕೂಡ. ಬಸ್ಸಿಳಿದು ಜ್ವರದಲ್ಲಿ ನಡುಗುತ್ತ ಬಂದ ಹೆಂಗಸರು ಸುತ್ತಿದ ಒದ್ದೆ ಬಟ್ಟೆ ಬಿಚ್ಚಿದ ಮೇಲೆ ಕೆಂಪಗೆ ಬೆವೆತು, ಹಸಿವು ಎನ್ನುತ್ತಿದ್ದರು. ಮೊದಲ ಸಲ ಅದನ್ನು ಕೇಳಿದ ದಿನ ರೌಶನ್ ಬೀ ಹಿತ್ತಲಿಗೆ ಹೋಗಿ ಅತ್ತು ಬಂದಳು. ಇಷ್ಟು ಸಂತೋಷ ಅವಳಿಗೆ ಸಿದ್ದೀಕಾ ಹೋದ ಮೇಲೆ ಆಗಿರಲಿಲ್ಲ.

ಆದರೆ ಚಿಕಿತ್ಸೆಯ ಆ ಕೋಣೆಯಲ್ಲಿ ಏನೋ ಸರಿಯಿರಲಿಲ್ಲ. ಅದು ಹಿಂದೆ ಕಾಫಿ ಮೂಟೆ ಇಡುತ್ತಿದ್ದ ಗೋದಾಮು, ಗೋಡೆ ದಪ್ಪ, ಹೊರಗಿನ ಸದ್ದು ಒಳಗೆ ಬರುತ್ತಿರಲಿಲ್ಲ. ಗೋಣಿಬೀಡಿನ ಅಂಗಡಿ ರೇವಣ್ಣನವರ ಹೆಂಡತಿ ಬಸಮ್ಮ ಒಂದು ಮಧ್ಯಾಹ್ನ ಬಟ್ಟೆಯಿಂದ ಹೊರಗೆ ಬಂದವಳೇ ಬಾಗಿಲ ಕಡೆ ಇಣುಕಿದಳು. ರೌಶನ್ ಬೀಯ ಹಳೆಯ ಕೆಲಸವಾಗಲಿ, ಮುಸಲ್ಮಾನರ ಮನೆಯ ಸಾವಿನ ಪದ್ಧತಿಯಾಗಲಿ ಅವಳಿಗೆ ಗೊತ್ತಿರಲಿಲ್ಲ.

“ನಿಮ್ಮ ಹಿಂದೆ ಅಷ್ಟೊಂದು ಜನ ಹೆಂಗಸ್ರು ನಿಂತಿದ್ರಲ್ಲ, ಎಲ್ಲಿ ಹೋದ್ರು? ಪಾಪ, ಅವ್ರಿಗೂ ಬಿಳಿ ಬಟ್ಟೆ ಸುತ್ತಿತ್ತು. ಅವ್ರ ಸರದಿ ಬರ್ಲೇ ಇಲ್ಲ!”

ರೌಶನ್ ಬೀ ಅವಳ ಹಣೆ ಮುಟ್ಟಿ ನೋಡಿದಳು. ಜ್ವರದ ಕನಸು ಎಂದುಕೊಂಡಳು. ಆದರೆ ಮುಂದೆ ಬಂದವರಲ್ಲೂ ಕೆಲವರು ಅದೇ ಮಾತಾಡಿದರು. ಒಬ್ಬರಿಗೊಬ್ಬರು ಪರಿಚಯವಿಲ್ಲದವರು, ಬೇರೆ ಬೇರೆ ಊರಿನವರು. ಎಲ್ಲರೂ ಕಂಡದ್ದು ಸಾಲಾಗಿ ನಿಂತ ಹೆಂಗಸರನ್ನೇ. ಅವಳು ಇದನ್ನು ನಿಜಾಮುದ್ದೀನನಿಗೆ ಹೇಳಲಿಲ್ಲ. ಕಂಡದ್ದನ್ನು ಬಾಯಿಬಿಡದಿರುವುದು ಅವಳಿಗೆ ರಕ್ತದಲ್ಲೇ ಇಳಿದುಹೋಗಿತ್ತು.

ಪರೀಕ್ಷೆಯ ದಿನ ಬಂತು. ಚಿಕ್ಕಮಗಳೂರಿನಿಂದ ಡಾಕ್ಟರ್ ಷಡಕ್ಷರಿ ಬಂದಿಳಿದರು. ವರ್ಷವಿಡೀ ನಿಜಾಮುದ್ದೀನನ ಕೆಲಸ ನೋಡುತ್ತಿದ್ದವರು ಅವರೇ.

“ನೋಡಿ ನಿಜಾಮುದ್ದೀನ್, ನಿಮ್ಮ ನೀರಿನ ಮೇಲೆ ನಂಗೆ ದ್ವೇಷ ಇಲ್ಲ, ಪ್ರೀತೀನೂ ಇಲ್ಲ. ಚಿಕಿತ್ಸೆ ಆದ್ಮೇಲೆ ರೋಗಿ ಎಚ್ಚರವಾಗಿ, ಸ್ಥಿಮಿತವಾಗಿ ಮಾತಾಡ್ಬೇಕು. ಆಡಿದ್ರೆ ಆಯ್ತು ಅಂತ ಬರೀತೀನಿ. ಬಡಬಡಿಸಿದ್ರೆ ಇಲ್ಲ ಅಂತ ಬರೀತೀನಿ,” ಎಂದರು.

ರೋಗಿ ಅನ್ವರಿ, ಊರಿನ ಕಾಫಿ ವ್ಯಾಪಾರಿ ಹಬೀಬುರ್ರಹ್ಮಾನ್ ಸಾಹೇಬರ ಹೆಂಡತಿ. ಚಳಿಜ್ವರ ಬಂದು ಕ್ವಿನೈನಿಗೂ ಜಗ್ಗದೆ ಮೈ ಕಾದ ಹೆಂಚಾಗಿತ್ತು. ಪರದೆಯ ಹೆಂಗಸಾದ್ದರಿಂದ ಕೋಣೆಯ ನಡುವೆ ಜಮಖಾನ ಕಟ್ಟಿದರು. ಆಚೆ ಡಾಕ್ಟರು, ನಿಜಾಮುದ್ದೀನ್, ಹಬೀಬುರ್ರಹ್ಮಾನ್ ಕೂತರು. ಈಚೆ ರೌಶನ್ ಬೀ ಮತ್ತು ಅನ್ವರಿ. ಇವತ್ತು ಕೆಟ್ಟರೆ ನಿಜಾಮುದ್ದೀನನ ಬಾಗಿಲು ಮುಚ್ಚುತ್ತದೆ, ತನ್ನನ್ನು ಮತ್ತೆ ಸತ್ತವರ ಮನೆಗೆ ಮಾತ್ರ ಕರೆಯುತ್ತಾರೆ. ಇದು ರೌಶನ್ ಬೀಗೆ ಚೆನ್ನಾಗಿ ಗೊತ್ತಿತ್ತು.

ಎಡವಟ್ಟಾದದ್ದು ಬಟ್ಟೆಯಿಂದ. ದಿನವೂ ಚಿಕಿತ್ಸೆಗೆ ಬಳಸುತ್ತಿದ್ದುದು ಹಳೆಯ ಹೊದಿಕೆಗಳನ್ನು. ಅವತ್ತು ದೊಡ್ಡವರ ಮನೆಯ ಕೆಲಸವೆಂದು ಹಬೀಬುರ್ರಹ್ಮಾನ್ ಹೊಸ ಬಿಳಿ ಬಟ್ಟೆಯ ಥಾನನ್ನೇ ಕಳಿಸಿದ್ದರು. ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ರೌಶನ್ ಬೀಯ ಕೈ ಅವಳ ಮಾತು ಕೇಳಲಿಲ್ಲ. ಅಳೆದಳು, ಹರಿದಳು, ನೆನೆಸಿದಳು, ಸುತ್ತಿದಳು. ಕಂಬಳಿ ಹೊದಿಸಿ ಬಹಳ ಹೊತ್ತಾದ ಮೇಲೆ ತಾನು ಒಂದು ಮಾತೂ ಆಡಿಲ್ಲವೆಂದು ಹೊಳೆಯಿತು. ಕಂಬಳಿ ಸರಿಸಿ ನೋಡಿದರೆ ತಲೆಯ ಮೇಲೆ, ಸೊಂಟಕ್ಕೆ, ಪಾದದ ಕೆಳಗೆ ಗಟ್ಟಿ ಗಂಟು. ಮುಖದ ಮೇಲೂ ಬಟ್ಟೆ ಎಳೆದಿತ್ತು. ಅದು ಉಸಿರಿಗೆ ಅಲುಗುತ್ತಿರಲಿಲ್ಲ.

“ಹೊತ್ತಾಯ್ತು ಖಾಲಾ, ಬಿಚ್ಚಿ,” ಎಂದು ಪರದೆಯಾಚೆಯಿಂದ ನಿಜಾಮುದ್ದೀನ್ ಹೇಳಿದ.

ಒದ್ದೆ ಗಂಟು ಉಬ್ಬಿ ಕಲ್ಲಾಗಿತ್ತು. ಉಗುರು ನಾಟಲಿಲ್ಲ. ಕತ್ತರಿ ಕೇಳಿದರೆ ಆಚೆಯವರಿಗೆ ಗೊತ್ತಾಗುತ್ತದೆ. ಎಷ್ಟೋ ಸಾವಿರ ಗಂಟು ಹಾಕಿದ ಬೆರಳಿಗೆ ಬಿಚ್ಚುವ ದಾರಿಯೇ ತಿಳಿಯದು. ಅಷ್ಟರಲ್ಲಿ ಬೆನ್ನ ಹಿಂದೆ ಒದ್ದೆ ಬಟ್ಟೆ ನೆಲಕ್ಕೆ ಸವರುವ ಸದ್ದು ಕೇಳಿಸಿತು, ಕಫನಿಗೆ ಹಾಕುವ ಕರ್ಪೂರದ ವಾಸನೆ ಬಂತು. ಯಾರೋ ತುಂಬ ಜನ ಕತ್ತು ಚಾಚಿ ಅವಳ ಕೈಯನ್ನೇ ನೋಡುತ್ತಿರುವಂತೆ ಅನಿಸಿತು. ಅವಳು ತಿರುಗಲಿಲ್ಲ. ಬಗ್ಗಿ ತಲೆಯ ಗಂಟಿಗೆ ಹಲ್ಲು ಹಾಕಿದಳು. ಎಳೆದಳು, ಜಗ್ಗಿದಳು, ಒಸಡಿನಿಂದ ರಕ್ತ ಬಂತು. ಗಂಟು ಜಾರಿತು. ಆಮೇಲೆ ಸೊಂಟದ್ದು, ಆಮೇಲೆ ಪಾದದ್ದು.

ಬಟ್ಟೆ ಸರಿಸಿದಾಗ ಅನ್ವರಿಯ ಹಣೆಯ ಮೇಲೆ ಬೆವರಿನ ಹನಿ ಇತ್ತು. ಮೈ ತಣ್ಣಗಾಗಿತ್ತು, ಹೆಣದ ತಣ್ಣಗಲ್ಲ, ಜ್ವರ ಬಿಟ್ಟ ತಣ್ಣಗೆ. ಉದ್ದಕ್ಕೆ ಉಸಿರೆಳೆದು ಕಣ್ಣು ಬಿಟ್ಟಳು. ಅವಳ ನೋಟ ರೌಶನ್ ಬೀಯ ಭುಜದಾಚೆ ನಿಂತಿತು.

“ಖಾಲಾ, ನಿಮ್ಮ ಹಿಂದೆ ಒಂದು ಹುಡುಗಿ ನಿಂತಿದಾಳೆ. ‘ಅಮ್ಮಾ, ನಂದೂ ಬಿಚ್ಚು’ ಅಂತಿದಾಳೆ.”

“ಏನಮ್ಮಾ ಅದು? ಏನಂತಾರೆ ಅವ್ರು?” ಎಂದು ಡಾಕ್ಟರು ಆಚೆಯಿಂದ ಗಟ್ಟಿಯಾಗಿ ಕೇಳಿದರು.

ತಿರುಗಿದರೆ ಸಿದ್ದೀಕಾ ಇರುತ್ತಾಳೆ. ತಿರುಗಿ ‘ಮಗಳೇ’ ಎಂದುಬಿಟ್ಟರೆ ಕೋಣೆಯಲ್ಲಿ ಬಡಬಡಿಸುವವರು ಇಬ್ಬರಾಗುತ್ತಾರೆ, ಎಲ್ಲವೂ ಅಲ್ಲಿಗೆ ಮುಗಿಯುತ್ತದೆ. ರೌಶನ್ ಬೀ ನೀರಿನ ಲೋಟಕ್ಕೆ ಕೈ ಚಾಚಿದಳು.

“ನೀರು ಕೇಳ್ತಿದಾರೆ ಡಾಕ್ಟ್ರೇ,” ಎಂದಳು.

ಲೋಟ ಹಿಡಿದಳು. ಅನ್ವರಿ ಅವಳ ಕೈಯಿಂದಲೇ ಗಟಗಟ ಕುಡಿದಳು. ಎಷ್ಟೋ ವರ್ಷದ ಮೇಲೆ ಅವಳ ಕೈಯದನ್ನು ಒಬ್ಬರು ಬಾಯಿಗೆ ಹಾಕಿಕೊಂಡದ್ದು. ಆಮೇಲೆ ಡಾಕ್ಟರು ಕೇಳಿದ್ದಕ್ಕೆಲ್ಲ ಅನ್ವರಿ ನೆಟ್ಟಗೆ ಉತ್ತರ ಕೊಟ್ಟಳು. ತನ್ನ ಹೆಸರು, ಗಂಡನ ಹೆಸರು, ತಲೆಭಾರ ಇಳಿದದ್ದು, ಅನ್ನ ಬೇಕು ಎನ್ನಿಸಿದ್ದು. ಷಡಕ್ಷರಿಯವರು ಆಯಿತು ಎಂದು ಬರೆದರು. ಲೈಸೆನ್ಸು ಮುಂದೆ ಬಂತು, ನಿಜಾಮುದ್ದೀನನ ಬೋರ್ಡಿನ ಮೇಲೆ ‘ಡಾಕ್ಟರ್’ ಎಂದು ಏರಿತು, ಊರಿನ ಹೆಂಗಸರೇ ಬರತೊಡಗಿದರು. ರೌಶನ್ ಬೀ ಕೊಟ್ಟ ಎಲೆಯಡಿಕೆಯನ್ನು ಅವಳೆದುರಿಗೇ ಜಗಿಯುತ್ತಿದ್ದರು.

ಪರೀಕ್ಷೆಯ ಆ ದಿನ ಎಲ್ಲರೂ ಹೊರಟ ಮೇಲೆ ಅವಳು ಒಬ್ಬಳೇ ಬಟ್ಟೆ ಎತ್ತಿಡಲು ಒಳಗೆ ಹೋದಳು. ಸಂಜೆಯ ಬೆಳಕು ಇನ್ನೂ ಇತ್ತು, ಮಂಜು ಹೊಸ್ತಿಲು ದಾಟಿತ್ತು. ಕೋಣೆಯಲ್ಲಿ ಯಾರೂ ಇರಲಿಲ್ಲ.

“ಸಿದ್ದೀಕಾ,” ಎಂದು ಕರೆದಳು. “ತಪ್ಪು ತಿಳ್ಕೋಬೇಡ ಮಗಳೇ. ಆಗ ಹೇಳ್ಲಿಕ್ಕೆ ಆಗ್ಲಿಲ್ಲ. ಈಗ ಬಾ.”

ಮೂಲೆಯ ಹಲಗೆಯ ಕಡೆ ನೋಡಿದಳು. ಬೆಳಗ್ಗೆ ತಾನೇ ಒಣಗಿಸಿ ಮಡಿಸಿಟ್ಟಿದ್ದ ಹಳೆಯ ಬಟ್ಟೆಗಳು ಈಗ ಒದ್ದೆಯಾಗಿ ನೀರು ತೊಟ್ಟಿಕ್ಕುತ್ತಿದ್ದವು. ಮಡಿಕೆ ಇರಲಿಲ್ಲ. ಒಂದೊಂದೂ ಉದ್ದಕ್ಕೆ ಸುತ್ತಿಕೊಂಡು, ತನ್ನ ಅಂಚಿನದೇ ಪಟ್ಟಿಯಿಂದ ಮೂರು ಕಡೆ ಗಂಟು ಹಾಕಿಸಿಕೊಂಡು ಸಾಲಾಗಿ ಮಲಗಿತ್ತು. ಗಂಟು ಅವಳದೇ. ತನ್ನ ಕೈಯ ಗಂಟು ಅವಳಿಗೆ ಗೊತ್ತಾಗದೆ?

ಹೆದರಿ ಓಡಲಿಲ್ಲ ಅವಳು. ನೆಲದ ಮೇಲೆ ಕೂತು ಮೊದಲನೆಯದನ್ನು ತೊಡೆಯ ಮೇಲೆ ಎಳೆದುಕೊಂಡಳು, ತಲೆಯ ಗಂಟಿಗೆ ಹಲ್ಲು ಹಾಕಿದಳು. ಯಾವುದು ಮಗಳದೆಂದು ಗೊತ್ತಾಗಲಿಲ್ಲ. ಎಲ್ಲವನ್ನೂ ಬಿಚ್ಚಿದಳು.