ಹಿಮದ ದಾರಿಯಲ್ಲಿ ಗೂಡ್ಸ್ ಚಂದ್ರಪ್ಪ

ಕಂಪ್ಯೂಟರ್ ಪರದೆಯತ್ತ ತೋರುಬೆರಳು ಚಾಚಿ, ಗಂಟಲು ಬಿಟ್ಟು ‘ಹಳದಿ’ ಎಂದು ಕೂಗುವ ಗಿರಾಕಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಪಕ್ಕದಲ್ಲಿ ಇ-ಮೇಲ್ ಬರೆಯುತ್ತಿದ್ದವರು ಬೆಚ್ಚಿ ತಿರುಗಿ ನೋಡುವರು. ಚಂದ್ರಪ್ಪನವರು ಮಾತ್ರ ಕಣ್ಣು ಕದಲಿಸುತ್ತಿರಲಿಲ್ಲ. ನೀಲಿ ಅಂಗಿ, ಭುಜದ ಮೇಲೊಂದು ಟವೆಲ್, ಕುರ್ಚಿಯ ಕೆಳಗೆ ಡ್ಯೂಟಿಗೆ ಒಯ್ಯುವ ಕಬ್ಬಿಣದ ಪೆಟ್ಟಿಗೆ. ಐವತ್ತಾರು ವರ್ಷದ ಗೂಡ್ಸ್ ಗಾಡಿ ಡ್ರೈವರ್, ತಮ್ಮ ರಜೆಯ ದಿನದಲ್ಲಿ ನನ್ನ ಅಂಗಡಿಗೆ ಬಂದು ಮತ್ತೆ ಗಾಡಿಯನ್ನೇ ಓಡಿಸುತ್ತಿದ್ದರು.

ನನ್ನದು ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ನಾಲ್ಕು ಕಂಪ್ಯೂಟರಿನ ಬ್ರೌಸಿಂಗ್ ಸೆಂಟರ್. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಕಣಕಟ್ಟೆಯಿಂದ ಬಂದು, ಕೊಬ್ಬರಿ ಮಂಡಿಯಲ್ಲಿ ದಲ್ಲಾಳಿಗಳ ಹಿಂದೆ ಓಡಾಡಿ ಮಾತು ಕಲಿತವನು ನಾನು. ಬೆಂಗಳೂರಿನಲ್ಲಿ ಬಾಗಿಲು ಹಾಕುತ್ತಿದ್ದ ಒಂದು ಸೆಂಟರಿನಿಂದ ಆ ನಾಲ್ಕನ್ನೂ ಎತ್ತಿಕೊಂಡು ಬಂದಿದ್ದೆ. ಹಳೇ ಸಾಮಾನು ಕೊಳ್ಳುವವರಿಗೆ ನನ್ನದೊಂದು ಸಲಹೆ: ದರ ಕುದುರಿದ ಮೇಲೆ ನಿಜವಾದ ಚೌಕಾಸಿ ಶುರು ಮಾಡಿ. ಅಷ್ಟು ಹೊತ್ತಿಗೆ ಮಾರುವವನು ದಣಿದಿರುತ್ತಾನೆ, ಮೇಜಿನ ಮೇಲಿದ್ದದ್ದನ್ನೆಲ್ಲ ಜೊತೆಗೆ ತಳ್ಳಿ ಕಳಿಸುತ್ತಾನೆ. ಹಾಗೆ ಸಿಕ್ಕಿದ್ದು ಒಂದು ಡಬ್ಬಿ ಸಿ.ಡಿ.ಗಳು. ರೈಲು ಓಡಿಸುವ ಆಟ ಅದರಲ್ಲಿತ್ತು.

ಅದನ್ನು ಆಟ ಎನ್ನುವುದೇ ಕಷ್ಟ. ಗುದ್ದುವುದಿಲ್ಲ, ಗುಂಡು ಹಾರಿಸುವುದಿಲ್ಲ, ಗೆಲ್ಲುವುದೂ ಇಲ್ಲ. ಯಾವುದೋ ಹಿಮದ ದೇಶದಲ್ಲಿ ಮರದ ದಿಮ್ಮಿ ತುಂಬಿದ ಗಾಡಿಯನ್ನು ಒಂದೂರಿನಿಂದ ಇನ್ನೊಂದೂರಿಗೆ ಎರಡೂಕಾಲು ಗಂಟೆ ಎಳೆಯಬೇಕು. ಎರಡೂಕಾಲು ಗಂಟೆ ಎಂದರೆ ಗೋಡೆಯ ಗಡಿಯಾರದ ಎರಡೂಕಾಲು ಗಂಟೆಯೇ. ಬಿಳಿ ಮೈದಾನ, ಕಂಬ, ಮತ್ತೆ ಮೈದಾನ. ಹುಡುಗರು ಐದು ನಿಮಿಷಕ್ಕೆ ಆಕಳಿಸಿ ಕಾರಿನ ಆಟಕ್ಕೆ ಹೋಗುತ್ತಿದ್ದರು.

ಚಂದ್ರಪ್ಪನವರು ಅದನ್ನು ನೌಕರಿಯಂತೆ ಹಿಡಿದರು. ಒಮ್ಮೆ ಕೆಂಪು ಸಿಗ್ನಲ್ ಎದುರು ಅರ್ಧ ಗಂಟೆ ನಿಂತರು. ಎದುರಿನ ಗಾಡಿ ದಾಟಬೇಕಿತ್ತು. ಪಕ್ಕದ ಕುರ್ಚಿಯವನಿಗೆ ತಡೆಯಲಾಗಲಿಲ್ಲ.

“ಯಜಮಾನ್ರೇ, ಆ ಬಟನ್ ಒತ್ತಿ. ಟೈಮು ಹಾರ್‍ಕೊಂಡು ಹೋಗತ್ತೆ.”

“ಟೈಮು ಹಾರ್‍ಸಿ ಎಲ್ಲಿಗೆ ಹೋಗ್ಲಪ್ಪ? ಸಿಗ್ನಲ್ ಕೊಟ್ಟಾಗ ಹೋಗೋದು.” ಪೆಟ್ಟಿಗೆ ತೆಗೆದು, ಕಣ್ಣು ಪರದೆಯ ಮೇಲಿಟ್ಟುಕೊಂಡೇ ರೊಟ್ಟಿ ಮುರಿದು ತಿಂದರು.

ಮುಕ್ಕಾಲು ದಾರಿಯಲ್ಲಿ ಕರೆಂಟು ಹೋದರೆ ಬೈಯುತ್ತಿರಲಿಲ್ಲ. ಮರುವಾರ ಬಂದು ಮೊದಲಿನಿಂದ ಹೊರಡಿಸುವರು. “ದಾರೀಲಿ ನಿಂತಿರೋ ಗಾಡಿ ಕಣಪ್ಪ ಅದು. ಯಾರಾದ್ರೂ ಊರು ಸೇರಿಸ್ಬೇಕಲ್ಲ” ಎನ್ನುವರು. ಅವರ ಊರು ಹಳೇಬೀಡಿನ ಹತ್ತಿರದ ಹುಲಿಕೆರೆ. ಬ್ರೇಕ್ ಹಾಕುವುದನ್ನು ನನಗೆ ವಿವರಿಸಿದ್ದು ಅಲ್ಲಿನ ಕೊಳದಿಂದ: “ನಮ್ಮೂರ ಕೊಳಕ್ಕೆ ಇಳಿದಂಗೆ ಇಳೀಬೇಕು. ಒಂದು ಮೆಟ್ಲು, ನಿಂತ್ಕೊ. ಇನ್ನೊಂದು ಮೆಟ್ಲು, ನಿಂತ್ಕೊ. ನೆಗೆದ್ರೆ ಹಿಂದಿನ ಐವತ್ತು ಡಬ್ಬಿ ಬಂದು ಬೆನ್ನಿಗೆ ಗುದ್ತವೆ.”

ಎರಡನೆಯ ವಾರವೇ ಅವರು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. “ಎಂಜಿನ್ನಾಗೆ ಒಬ್ಬನೇ ಇರಂಗಿಲ್ಲ ರುದ್ರೇಶಪ್ಪ. ಅಸಿಸ್ಟೆಂಟ್ ಮೊದ್ಲು ಸಿಗ್ನಲ್ ಕೂಗ್ತಾನೆ, ನಾನು ತಿರುಗಿ ಕೂಗ್ತೀನಿ. ಎರಡು ಬಾಯಿ ಒಂದಾದ ಮೇಲೇ ಕೈ ಆಡೋದು. ಕಂಡಿದ್ದನ್ನ ಕೂಗು, ಕಾಣದ್ದನ್ನ ಕೂಗ್ಬೇಡ. ನೌಕ್ರಿ ಅಂದ್ರೆ ಅಷ್ಟೇಯ.”

ನಾನು ‘ಹಸಿರು’ ಎನ್ನುವುದು, ಅವರು ಬೆರಳು ಚಾಚಿ ‘ಹಸಿರು’ ಎನ್ನುವುದು. ಒಬ್ಬ ಖಾಯಂ ಗಿರಾಕಿ ಉಳಿಯುವುದಾದರೆ ಕೂಗಲು ನನ್ನ ಗಂಟೇನೂ ಹೋಗುವುದಿಲ್ಲವೆಂದು ಕೂಗಿದೆ.

ವ್ಯಾಪಾರಿಯ ಕಣ್ಣಿಗೆ ಬೇಡದ್ದೂ ಬೀಳುತ್ತದೆ. ನಾನು ಪಕ್ಕದಲ್ಲಿದ್ದಾಗ ಚಂದ್ರಪ್ಪನವರು ಒಂದು ಸಲವೂ ತಪ್ಪುತ್ತಿರಲಿಲ್ಲ. ನಾನು ಎದ್ದು ಯಾರದೋ ಅರ್ಜಿ ಪ್ರಿಂಟ್ ತೆಗೆಯಲು ಹೋದಾಗ ಎರಡು ಸಲ ಕೆಂಪು ದಾಟಿದರು. ದಾಟಿದರೆ ಪರದೆಯ ಮೇಲೆ ಒಂದು ಬೂದು ಚೌಕ ಮೂಡಿ ಆಟ ಅಲ್ಲಿಗೇ ಮುಗಿಯುತ್ತಿತ್ತು. “ಫಾರಿನ್ ಕಂಬ, ದೀಪ ಉಲ್ಟಾ ಐತೆ” ಎಂದರು. ಅದೇನೋ ನಿಜ. ನಮ್ಮ ಕಡೆಯ ಕಂಬದಲ್ಲಿ ಮೇಲೆ ಹಸಿರು, ನಡುವೆ ಹಳದಿ, ಕೆಳಗೆ ಕೆಂಪು. ಆಟದಲ್ಲಿ ಕೆಂಪು ಮೇಲಿತ್ತು. ಆದರೆ ಬಣ್ಣ ನೋಡುವವನಿಗೆ ದೀಪ ಎಲ್ಲಿದ್ದರೇನು? ಆ ಪ್ರಶ್ನೆ ತಲೆಗೆ ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಮುಂದಿನ ಮಂಗಳವಾರ ಮಧ್ಯಾಹ್ನ ಅಂಗಡಿಯಲ್ಲಿ ನಾವಿಬ್ಬರೇ. ಗಾಡಿ ಒಂದೂಮುಕ್ಕಾಲು ಗಂಟೆ ಓಡಿತ್ತು. ಮುಂದಿದ್ದುದು ಒಂದೇ ದೀಪದ ಸಿಗ್ನಲ್. ಮೇಲೆ ಕೆಳಗೆ ಎಂಬುದಿಲ್ಲ, ಒಂದೇ ಗುಂಡು ದೀಪ, ಅದು ಕೆಂಪು.

“ಹಸಿರು” ಎಂದೆ.

ಅವರ ಬೆರಳು ಚಾಚಿತು. “ಹಸಿರು.” ಇನ್ನೊಂದು ಕೈ ವೇಗ ಏರಿಸಿತು.

ಕಂಬ ಹತ್ತಿರ ಬಂತು, ದೊಡ್ಡದಾಯಿತು, ಪರದೆಯ ಅಂಚಿನಿಂದ ಜಾರಿಹೋಯಿತು. ಬೂದು ಚೌಕ ಮೂಡಿತು. ಚಂದ್ರಪ್ಪನವರು ಬೆರಳನ್ನು ಹಾಗೆಯೇ ಚಾಚಿಕೊಂಡು ನನ್ನ ಕಡೆ ತಿರುಗಿದರು.

“ಬೇಕು ಅಂತ ಹೇಳ್ದೇನಪ್ಪ?”

“ಹೂಂ.”

“ನಿಂಗೆ ಯಾವಾಗಿಂದ ಗೊತ್ತು?”

“ನಿಮಗೆ ಯಾವಾಗಿಂದ ಗೊತ್ತು, ಚಂದ್ರಪ್ನೋರೇ?”

ಟವೆಲಿನಿಂದ ಮುಖ ಒತ್ತಿಕೊಂಡರು. ಆರೇಳು ತಿಂಗಳಿಂದ ಬಣ್ಣ ಒಂದರೊಳಗೊಂದು ಕಲೆಸಿದಂತೆ ಕಾಣುತ್ತಿತ್ತಂತೆ. “ದೀಪ ಕಾಣ್ತದೆ, ಜಾಗ ಕಾಣ್ತದೆ. ಅಸಿಸ್ಟೆಂಟ್ ಕೂಗಿದ್ದಕ್ಕೆ ಬಾಯಿ ಸೇರಿಸ್ತೀನಿ. ವಯಸ್ಸಿಗೆ ಹಿಂಗಾತೈತೇನೋ ಅಂದ್ಕೊಂಡೆ. ನಿಜ ಏನು ಅಂತ ನೋಡ್ಬೇಕಿತ್ತು. ಇಲ್ಲಿ ತಪ್ಪಿದ್ರೆ ಯಾರೂ ಸಾಯಲ್ಲ ಅಂತ ಬಂದೆ.”

ಅವರು ಎರಡು ತಿಂಗಳಿಂದ ಕಾಲ ಕಳೆಯಲು ಬರುತ್ತಿದ್ದಾರೆಂದು ನಾನು ತಿಳಿದಿದ್ದೆ. ಒಂಬತ್ತು ದಿನಕ್ಕೆ ಮೈಸೂರಿನಲ್ಲಿ ವರ್ಷದ ಕಣ್ಣಿನ ಪರೀಕ್ಷೆ ಇತ್ತು. ಫೇಲಾದರೆ ಎಂಜಿನ್ ಬಿಟ್ಟು ಕೆಳಗಿಳಿಯಬೇಕು. ಇಪ್ಪತ್ತೊಂಬತ್ತು ವರ್ಷ ಕೂತ ಜಾಗ. ರಿಟೈರಾಗಲು ಉಳಿದದ್ದು ನಾಲ್ಕೇ ವರ್ಷ.

ನಾನು ಸುಮ್ಮನಿರುವ ಜಾತಿಯವನಲ್ಲ. ಯಾರೇ ಕಷ್ಟ ಹೇಳಿಕೊಂಡರೂ ಒಂದು ದಾರಿ ತೋರಿಸಿ ಕಳಿಸಿದರೇ ನನಗೆ ಸಮಾಧಾನ. ಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿಸಿದ ಪುಸ್ತಕವೊಂದನ್ನು ತೋರಿಸಿ ಅಂಕಿ ಕೇಳುತ್ತಾರೆಂದು ಅವರೇ ಹೇಳಿದರು. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಅರ್ಧ ಗಂಟೆಯಲ್ಲಿ ಸಿಕ್ಕಿತು. ಯಾವ ಪುಟಕ್ಕೆ ಯಾವ ಅಂಕಿ ಎಂದು ಸಾಲಾಗಿ ಬರೆದು ಕೊಟ್ಟೆ.

“ಬಾಯಿಪಾಠ ಮಾಡಿ. ಕೇಳೋದಕ್ಕೆ ಮುಂಚೆ ಉತ್ತರ ಜೇಬಲ್ಲಿರಬೇಕು, ಅಷ್ಟೇ. ನಾಲ್ಕು ವರ್ಷ ಹೆಂಗೋ ತಳ್ಳಿಬಿಡಿ. ಅಸಿಸ್ಟೆಂಟ್ ಇರ್ತಾನಲ್ಲ ಕೂಗೋಕೆ.”

ಅವರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟರು. “ಪರೀಕ್ಷೆ ತನ್ಕ ರಜ ಹಾಕ್ತೀನಿ” ಎಂದಷ್ಟೇ ಹೇಳಿ ಪೆಟ್ಟಿಗೆ ಎತ್ತಿಕೊಂಡು ಹೋದರು.

ನನ್ನ ಹೆಂಡತಿ ಗಿರಿಜ ಎರಡು ಸ್ಟೇಷನ್ನಿನಾಚೆ ಶಾಲೆಯಲ್ಲಿ ಟೀಚರ್. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಗೆ ಹೋಗುತ್ತಿದ್ದಳು. ಪರೀಕ್ಷೆ ಮುಗಿದ ಮರುದಿನ ಶುಕ್ರವಾರ ಅವಳನ್ನು ಬಿಡಲು ಸ್ಟೇಷನ್ನಿಗೆ ಹೋದೆ. ಪಕ್ಕದ ಲೈನಿನಲ್ಲಿ ಒಂದು ಗೂಡ್ಸ್ ಎಂಜಿನ್ ಗುರುಗುಡುತ್ತ ಹೊರಡಲು ಕಾಯುತ್ತಿತ್ತು. ಕಿಟಕಿಯಲ್ಲಿ ಒಂದು ನೀಲಿ ತೋಳು. ಮುಖ ಕಾಣಲಿಲ್ಲ. ಗಿರಿಜಳ ಗಾಡಿ ಹೋಗುವ ದಾರಿಯಲ್ಲೇ ಅದೂ ಹೋಗಬೇಕು.

“ಇವತ್ತು ಬಸ್ಸಲ್ಲಿ ಹೋಗು” ಎಂದೆ.

“ಯಾಕ್ರೀ? ಗಾಡಿ ಬಂತಲ್ಲ.”

“ಸುಮ್ನೆ ಬಾ ಅಂದ್ರೆ ಬಾ.”

“ಪಾಸ್ ಮಾಡ್ಸಿರೋದು ನೋಡ್ಕೊಂಡು ಕೂರೋಕಾ? ನಿಮಗೇನಾಗಿದೆ ಇವತ್ತು?” ಬಸ್ ಸ್ಟ್ಯಾಂಡಿನವರೆಗೂ ಅವಳು ಗೊಣಗಿದಳು. ಅವಳಿಗೆ ಏನೆಂದು ಹೇಳಲಿ? ನನ್ನ ಸಲಹೆಯನ್ನು ಊರೆಲ್ಲ ನಂಬಬಹುದು, ನನ್ನ ಹೆಂಡತಿ ಮಾತ್ರ ನಂಬಿ ಆ ಗಾಡಿ ಹತ್ತಬಾರದು ಎಂದೇ? ಶನಿವಾರವೂ ಬಸ್ಸು. ಸೋಮವಾರ ಮತ್ತೆ ಬಸ್ಸು. ಅಷ್ಟರಲ್ಲಿ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. ನಾನು ಅಂಗಡಿಯಲ್ಲಿ ಕೂತು, ಸ್ಟೇಷನ್ ಕಡೆಯಿಂದ ಪ್ರತಿ ಹಾರ್ನ್ ಕೇಳಿದಾಗಲೂ ಕಿವಿ ನಿಮಿರಿಸುತ್ತಿದ್ದೆ. ಚಂದ್ರಪ್ಪನವರ ಮನೆಗೆ ಹೋಗಿ ಕೇಳುವ ಧೈರ್ಯ ಬರಲಿಲ್ಲ. ಪಾಸಾದೆ ಎಂದುಬಿಟ್ಟರೆ?

ಸೋಮವಾರ ಮಧ್ಯಾಹ್ನ ಬಂದರು. ನೀಲಿ ಅಂಗಿ ಇರಲಿಲ್ಲ, ಬಿಳಿ ಅಂಗಿ. ಪೆಟ್ಟಿಗೆಯೂ ಇರಲಿಲ್ಲ. ನಾಲ್ಕು ಮಡಿಕೆಯ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟರು.

“ಎಲ್ಲಾ ಬಾಯಿಪಾಠ ಆಗಿತ್ತು ಕಣಪ್ಪ. ಈಗ್ಲೂ ಕೇಳು, ಹಿಂದಿಂದ ಮುಂದಕ್ಕೂ ಹೇಳ್ತೀನಿ. ಮೊದಲನೇ ಪುಟ ಎಲ್ರಿಗೂ ಕಾಣ್ತದಂತೆ, ನಂಗೂ ಕಾಣ್ತು, ಹೇಳ್ದೆ. ಎರಡನೇದು ತಿರುಗಿಸಿದ್ರು. ಬರೀ ಚುಕ್ಕಿ. ಎಂಟು ಅಂತ ಗೊತ್ತು ನಂಗೆ. ಬಾಯಿ ತೆಗ್ದೆ. ಬರ್‍ಲಿಲ್ಲ.” ಬೆರಳನ್ನು ಗಾಳಿಯಲ್ಲಿ ಚಾಚಿ ತೋರಿಸಿದರು. “ಬೆರಳು ಹಿಂಗೆ ಬಂತು, ಮಾತು ಬರ್‍ಲಿಲ್ಲ. ಡಾಕ್ಟ್ರು ಎರಡು ಸಲ ಕೇಳಿದ್ರು. ಕಾಣಲ್ಲ ಸ್ವಾಮಿ ಅಂದ್ಬಿಟ್ಟೆ.”

ಕಣ್ಣಿನ ನರ ಸೊರಗಿದೆಯಂತೆ. ಎಂಜಿನ್ನಿನಿಂದ ಇಳಿಸಿ ಬೇರೆ ಊರಿನ ಆಫೀಸಿಗೆ ಹಾಕಿದ್ದರು. ಬುಧವಾರ ಹೊರಡಬೇಕಿತ್ತು.

ನಾನು ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದೆ. ನನ್ನ ಎದೆಯಿಂದ ಏನೋ ಇಳಿದದ್ದು ಅವರಿಗೆ ಕಂಡಿರಬೇಕು. ನನಗೆ ನಾಚಿಕೆಯಾಯಿತು. ಒಬ್ಬ ಮನುಷ್ಯ ಎಂಜಿನ್ನಿನಿಂದ ಇಳಿದ ಸುದ್ದಿಗೆ ನಾನು ಹಗುರಾಗಿದ್ದೆ.

“ಆ ಗಾಡಿ ದಾರೀಲಿ ನಿಂತೈತಲ್ಲ” ಎಂದು ಚಂದ್ರಪ್ಪನವರು ಮೂಲೆಯ ಕಂಪ್ಯೂಟರಿನತ್ತ ನೋಡಿದರು. “ಒಂದು ಸಲ ಊರು ಸೇರಿಸಿ ಹೋಗ್ತೀನಿ.”

ಆ ದಿನದ ನಂತರ ಅವರು ಮತ್ತೆಂದೂ ನನ್ನ ಅಂಗಡಿಗೆ ಬರಲಿಲ್ಲ. ರಿಟೈರಾದ ಮೇಲೆ ಹುಲಿಕೆರೆಗೆ ಹೋದರೆಂದು ಕೇಳಿದೆ. ನಾಲ್ಕೈದು ವರ್ಷಕ್ಕೆ ತೀರಿಕೊಂಡರೆಂದೂ ಕೇಳಿದೆ, ಅದೂ ತಿಂಗಳು ಕಳೆದ ಮೇಲೆ. ಅಷ್ಟು ಹೊತ್ತಿಗೆ ನನ್ನ ಸೆಂಟರ್ ಮೊಬೈಲ್ ಅಂಗಡಿಯಾಗಿತ್ತು. ಸಿ.ಡಿ. ಈಗಲೂ ಡ್ರಾಯರಿನಲ್ಲಿದೆ, ಅದನ್ನು ಹಾಕಲು ಯಂತ್ರವಿಲ್ಲ.

ಆ ಸೋಮವಾರ ಅಂಗಡಿಯ ಬಾಗಿಲು ಅರ್ಧ ಎಳೆದು, ಬಂದ ಗಿರಾಕಿಗಳಿಗೆ ನಾಳೆ ಬನ್ನಿ ಎಂದು ಹೇಳಿ, ಅವರ ಎಡಕ್ಕೆ ಕುರ್ಚಿ ಹಾಕಿಕೊಂಡೆ. ಗಾಡಿ ಹಿಮದಲ್ಲಿ ಹೊರಟಿತು. ದೂರದಲ್ಲಿ ಮೊದಲ ಕಂಬ ಕಂಡಿತು.

“ಹಸಿರು” ಎಂದೆ.

ಅವರು ತಕ್ಷಣ ತಿರುಗಿ ಕೂಗಲಿಲ್ಲ. ಪರದೆಯಿಂದ ಕಣ್ಣು ತೆಗೆದು ನನ್ನ ಮುಖ ನೋಡಿದರು. ಮಂಡಿಯಲ್ಲಿ ಎಷ್ಟೋ ಜನ ನನ್ನ ಮುಖವನ್ನು ಹಾಗೆ ಅಳೆದು ನೋಡಿದ್ದಾರೆ, ನಾನು ಯಾರಿಗೂ ಸಿಕ್ಕವನಲ್ಲ. ಅಂದು ಮಾತ್ರ ಅವರು ನೋಡುವಷ್ಟು ಹೊತ್ತೂ ಮುಖ ತಿರುಗಿಸದೆ ಕೂತಿದ್ದೆ. ಕಂಬ ಹತ್ತಿರವಾಗುತ್ತಿತ್ತು.

ಚಂದ್ರಪ್ಪನವರು ಪರದೆಯ ಕಡೆ ತಿರುಗಿ ಬೆರಳು ಚಾಚಿದರು.

“ಹಸಿರು.”

ಎರಡೂಕಾಲು ಗಂಟೆ ನಾನು ಕೂಗಿದೆ, ಅವರು ಓಡಿಸಿದರು.