ದೊರ್ಕಾಬಾಯಿ ಕೈಬಳಿ

ಗಂಡ ಸತ್ತ ಹೆಂಗಸಿನ ಕೈಬಳಿ ಕ್ರಿಸ್ತಾನರ ಮನ್ಯಾಗ ಒಡಿಯಲ್ಲ ಅಂತ ನೀವು ತಿಳ್ಕೊಂಡಿದ್ರ, ನಮ್ಮ ಮನಿ ನೀವು ನೋಡಿಲ್ರಿ. ಪಾಸ್ಟರ್ ಪ್ರಾರ್ಥನಿ ಮುಗಿಸಿ ಅತ್ತ ಹೋದ್ರು ಅಂದ್ರ, ಇತ್ತ ಒಳಮನ್ಯಾಗ ಹೆಂಗಸರು ಕಲ್ಲು ಹಿಡ್ಕೊಂಡು ಕುಂಡ್ರತಿದ್ರು. ನಮ್ಮತ್ತಿ ದೊರ್ಕಾಬಾಯಿ ಗಂಡ ಸತ್ತಾಗ ಆಕಿಗಿ ಇಪ್ಪತ್ತಾರು. ಆಕಿ ಬಳಿನೂ ಹಂಗೇ ಒಡದ್ರು. ಮುಂದ ಆಕಿ ಖಟಕ ಚಿಂಚೋಳಿಯಿಂದ ದಿನಾ ಬಸ್ಸಿಗಿ ಭಾಲ್ಕಿಗಿ ಹೋಗಿ, ದವಾಖಾನ್ಯಾಗ ಆಯಾ ಕೆಲಸ ಮಾಡಿ, ಒಬ್ಬ ಮಗನಿಗಿ ಸಾಕಿದಳು. ಆ ಮಗ ಇಮ್ಮಾನುಯೇಲ, ನನ್ನ ಗಂಡ.

ಅವರು ಕಾಮಣಿ ರೋಗಾಗಿ ತೀರಿಹೋದಾಗ ನನಗ ಇಪ್ಪತ್ತೊಂಬತ್ತು, ಮಗಳು ಗ್ಲೋರಿಗಿ ನಾಕು. ಮಣ್ಣು ಮುಗಿಸಿ ಮನಿಗಿ ಬಂದ್ವಿ. ಅತ್ತಿ ನೆಗೆಣ್ಣಿ, ನಾವೆಲ್ಲ ದೊಡ್ಡತ್ತಿ ಅಂತೇವಿ, ನನ್ನ ಕೈ ಎಳದು ಹೊಸ್ತಿಲದ ಮ್ಯಾಲ ಇಟ್ಟಳು. ಇನ್ನೊಂದು ಕೈಯಾಗ ಕಲ್ಲು. ಎರಡು ದಿನದಿಂದ ಬಾಯಾಗ ನೀರು ಹಾಕದ ನಮ್ಮತ್ತಿ ಎದ್ದು ಬಂದು ಆ ಕಲ್ಲು ಕಸ್ಕೊಂಡು ಅಂಗಳಕ್ಕ ಒಗದಳು.

"ಸತ್ತವ ನನ್ನ ಮಗ. ಈಕಿ ಸತ್ತಿಲ್ಲ. ಕೈ ಬಿಡಕ್ಕಾ," ಅಂದಳು.

ಹಿಂದಿನಿಂದ ನಡಕೊಂಡು ಬಂದದ್ದು ಅಂತ ದೊಡ್ಡತ್ತಿ ಜಗಳಾ ತಗದಳು. ಬೈಬಲಿನಾಗ ಎಲ್ಲಿ ಬರದದ ತೋರಸು, ನನಗ ಓದಾಕ ಬರಲ್ಲ, ಪಾಸ್ಟರಿಗಿ ಕರದು ಓದಸ್ತೇನಿ ಅಂತ ನಮ್ಮತ್ತಿ ಕೇಳಿದಳು. ದೊಡ್ಡತ್ತಿ ನನ್ನ ಕೈ ಬಿಟ್ಟಳು.

ಮರುವರ್ಷ ನನಗ ಬೀದರದಾಗ ನರ್ಸ್ ಕೆಲಸ ಸಿಕ್ತು, ಅತ್ತಿ, ಮಗಳು, ನಾನು ಅಲ್ಲೇ ಹತ್ರ ಚಿದ್ರಿಗಿ ಬಂದ್ವಿ. ಬಳಿ ಮಾರೋ ಮಹಮೂದಾ ಬೇಗಂ ಬುಟ್ಟಿ ಇಳಿಸಿದಾಗ ಅತ್ತಿ ನನಗಿಂತ ಮೊದಲು ತನ್ನ ಕೈ ಚಾಚಿದಳು. ನಲವತ್ತು ವರ್ಷ ಬರೇ ಇದ್ದ ಕೈ. ಈ ವಯಸ್ಸಿನಾಗ ಯಾಕ ಅತ್ತಿ ಅಂತ ಕೇಳ್ದೆ.

"ನೀ ಒಬ್ಬಾಕೇ ಇಟ್ಕೊಂಡ್ರ ಜನ ನಿನಗ ಬದುಕಗೊಡಲ್ಲ, ಜೆಮಿಮಾ. ನನಗೂ ಬೈಲಿ."

ಬೈದ್ರು ನೋಡ್ರಿ. ಮುದುಕಿಗಿ ಶೋಕಿ ಬಂದದ ಅಂದ್ರು. ಚರ್ಚಿನಾಗ ಹಾಡುವಾಗ ಅತ್ತಿ ಮತ್ತಷ್ಟು ಜೋರಾಗಿ ಚಪ್ಪಾಳಿ ಹೊಡೀತಿದ್ದಳು, ಹಸರ ಬಳಿ ಸಪ್ಪಳಾಗಲಿ ಅಂತ. ನಾನೂ ಹೊಡೀತಿದ್ದೆ.

ಹೋದ ವರ್ಷ ಆಕಿ ತೀರಿಕೊಂಡಳು, ಎಂಬತ್ತೆರಡಕ್ಕ. ಸಲೈನ್ ಹಚ್ಚಾಕ ದವಾಖಾನ್ಯಾಗ ಬಳಿ ತಗೀಬೇಕಾಗಿತ್ತು. ಹೆಣ ಮನಿಗಿ ತಂದಾಗ ಕೈ ಮತ್ತ ಬರೇ. ಊರಿಂದ ಬಂದು ತಲಿಕಡಿ ಕುಂತಿದ್ದ ದೊಡ್ಡತ್ತಿ, ದೇವರೇ ತಗಸಿದ, ಹಂಗೇ ಕಳಸು ಅಂದಳು. ಬಳಿ ಇಟ್ರ ಊರಿನವರು ಯಾರೂ ಹೆಗಲು ಕೊಡಲ್ಲ ಅಂತನೂ ಅಂದಳು.

"ಕೊಡಬ್ಯಾಡ್ರಿ," ಅಂದೆ. ಗ್ಲೋರಿಗಿ ಕಳಸಿ ಮಹಮೂದಾ ಬೇಗಂಗ ಕರಸಿದೆ.

ಆಕಿ ಬಾಗಲಾಗೇ ನಿಂತಳು. ನಲವತ್ತು ವರ್ಷದಾಗ ಸತ್ತವರ ಕೈಗಿ ಬಳಿ ಇಟ್ಟಿಲ್ಲ, ಸೆಟದ ಕೈಗಿ ಹ್ಯಾಂಗ ಏರಸ್ಲಿ ಅಂದಳು. ನಾ ಕೊಬ್ಬರಿ ಎಣ್ಣಿ ತಂದು ಮುಂದಿಟ್ಟೆ. ಕುಂತಳು. ಎಣ್ಣಿ ಹಚ್ಚಿ, ಹೆಬ್ಬಟ್ಟು ಒಳಗ ಒತ್ತಿ, ದಿನಾ ಎಲ್ಲರಿಗಿ ಅನ್ನೋಹಂಗ ಮೆತ್ತಗ ಅಂದಳು: "ಕೈ ಸಡ್ಲ ಬಿಡು, ದೊರ್ಕಾ ಅಕ್ಕಾ."

ಆವಾಗ ನನಗ ಅಳು ಬಂತು. ಅಲ್ಲೀತನ ಬಂದಿದ್ದಿಲ್ಲ. ಒಂದೂ ಬಳಿ ಒಡೀಲಿಲ್ಲ, ಕೈಗಿ ಆರಾರು ಏರಿದ್ವು.

ಊರಿನವರು ಗ್ವಾಡಿಗಿ ಆತು ನಿಂತ್ರು. ಪೆಟಗಿಗಿ ಒಂದು ಕಡಿ ನಾನು, ಗ್ಲೋರಿ ಹೆಗಲು ಕೊಟ್ವಿ, ಇನ್ನೊಂದು ಕಡಿ ನನ್ನ ಸಂಗಟ ಕೆಲಸ ಮಾಡೋರು. ಓಣಿ ತಗ್ಗಿನಾಗ ಕಾಲಿಟ್ಟಕೂಡ್ಲೇ ಒಳಗ ಬಳಿ ಘಲ್ ಅಂದ್ವು. ಹಿಂದ ಬರ್ತಿದ್ದ ದೊಡ್ಡತ್ತಿ ಗಕ್ಕನೆ ನಿಂತಳು.

"ಇನ್ನಷ್ಟು ಜೋರ ನಡೀರಿ," ಅಂದೆ ನಾನು.